ಹುಳದ ಮನೆಯ ಮಾತು

ಚಿಕ್ಕನಿಂಗಮ್ಮ ತನ್ನ ಅರವತ್ತೊಂದು ವರ್ಷದ ಬಾಳಿನಲ್ಲಿ ಎರಡೇ ಸಲ ಮನೆಯ ಗುಟ್ಟನ್ನು ಹೊರಗೆ ಹಾಕಿದವಳು. ಎರಡು ಸಲವೂ ಹೇಳಿದ್ದು ನಿಜವನ್ನೇ. ಮೊದಲನೆಯ ಸಲ ಅವಳಿಗೆ ಹನ್ನೆರಡು ವರ್ಷ, ಹೇಳಿದ್ದು ರೇಷ್ಮೆಹುಳದ ಕಾಯಿಲೆಯನ್ನು. ಎರಡನೆಯ ಸಲ ಐವತ್ತೆಂಟು, ಹೇಳಿದ್ದು ತಮ್ಮನ ಕಾಯಿಲೆಯನ್ನು. ಮೊದಲನೆಯದರಿಂದ ಅಪ್ಪ ಹೋದ, ಎರಡನೆಯದರಿಂದ ತಮ್ಮ ಹೋದ. ಇಬ್ಬರೂ ಸತ್ತು ಹೋದದ್ದಲ್ಲ. ಕಣ್ಣೆದುರಿಗೇ ಇದ್ದು ಹೋದರು.

ಅವಳ ಊರು ಅಗರದಲ್ಲಿ ಆಗ ಹಿಪ್ಪುನೇರಳೆ ಇಲ್ಲದ ಮನೆ ಕಡಿಮೆ. ಅವಳ ಅಪ್ಪ ದೊಡ್ಡಮಾದಯ್ಯನದು ಒಂದೇ ಅಂಕಣದ ವಾಸದ ಮನೆ, ಅದಕ್ಕಿಂತ ದೊಡ್ಡದು ಪಕ್ಕದ ಹುಳದ ಮನೆ. ಮನುಷ್ಯರು ಕಾಲು ಮಡಿಸಿಕೊಂಡು ಮಲಗಿದರೂ ಹುಳ ಕೈಕಾಲು ಚಾಚಿದಂತೆ ಮಲಗಬೇಕು. ಹುಳ ಸಾಕುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಬೀಡಿ ಇಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಮಾತಿನದು. ಹುಳಕ್ಕೆ ಕಾಯಿಲೆ ಬಂದರೆ ಅದರ ಹೆಸರು ಎತ್ತಬಾರದು. ಎತ್ತಿದರೆ ಹುಳದ ತಟ್ಟೆಯಿಂದ ತಟ್ಟೆಗೆ ಹಬ್ಬುತ್ತದೆ ಎನ್ನುವುದು ನಂಬಿಕೆ, ಊರಿಗೆ ಗೊತ್ತಾದರೆ ಯಾರೂ ಆ ಮನೆಯವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎನ್ನುವುದು ಅನುಭವ. ದಾರಿಯಲ್ಲಿ ಯಾರಾದರೂ ಹುಳ ಹೇಗಿವೆ ಎಂದು ಕೇಳಿದರೆ ಎಲ್ಲ ಮನೆಯವರದೂ ಒಂದೇ ಉತ್ತರ.

"ಚೆನ್ನಾಗವೆ. ಜ್ವರದಲ್ಲಿ ಅವೆ."

ಹುಳ ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಮಲಗುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಗೂಡು ಕಟ್ಟುತ್ತದೆ. ಜ್ವರದಲ್ಲಿವೆ ಎಂದ ಮೇಲೆ ಕೇಳಿದವರು ಮುಂದೆ ಕೇಳುವುದಿಲ್ಲ. ಅವರ ಮನೆಯಲ್ಲೂ ಹುಳ ಇರುತ್ತದೆ.

ಆ ವರ್ಷ ನಾಲ್ಕನೇ ಜ್ವರ ಎದ್ದ ಮೇಲೆ ದೊಡ್ಡಮಾದಯ್ಯನ ಹುಳಗಳು ಉಬ್ಬಿಕೊಂಡವು. ಚರ್ಮ ಬಿಗಿದು ಮಿರಮಿರ ಮಿಂಚಿತು. ಬೆರಳು ತಾಗಿದರೆ ಸಾಕು, ಒಡೆದು ಹಳದಿ ಹಾಲು ಸೋರುತ್ತಿತ್ತು. ಅಪ್ಪ ಮುಸ್ಸಂಜೆಯಲ್ಲಿ ಮಂಕರಿ ಮಂಕರಿ ಹೊತ್ತು ತಿಪ್ಪೆಯಲ್ಲಿ ಹೂತ. ಅರ್ಧದಷ್ಟು ಹುಳ ಇನ್ನೂ ಗಟ್ಟಿಯಾಗಿದ್ದವು. ಅವು ಉಳಿದರೆ ವರ್ಷ ನೀಗುತ್ತಿತ್ತು. ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ಬೊಮ್ಮಮ್ಮ ಎಂಬ ನೆರೆಯ ಹೆಂಗಸು, ಯಾಕೆ ಮಗಾ ಕಣ್ಣು ಕೆಂಪಗಿದೆ ಎಂದು ಕೇಳಿದಳು. ಹುಳ ಹೇಗಿವೆ ಎಂದು ಕೇಳಿದ್ದರೆ ಹುಡುಗಿಗೆ ಉತ್ತರ ಬಾಯಿಪಾಠ. ಕಣ್ಣು ಯಾಕೆ ಕೆಂಪಗಿದೆ ಎಂಬುದಕ್ಕೆ ಯಾರೂ ಉತ್ತರ ಕಲಿಸಿರಲಿಲ್ಲ. ಸಾಯುತ್ತಿವೆ ದೊಡ್ಡವ್ವ, ಮುಟ್ಟಿದರೆ ಹಾಲು ಬರುತ್ತದೆ ಎಂದು ಅತ್ತುಬಿಟ್ಟಳು.

ಮಧ್ಯಾಹ್ನದೊಳಗೆ, ಕಾಯಿಲೆ ಆಚೆ ದಾಟದಂತೆ, ಓಣಿಯ ಬಾಯಿಗೆ ಸುಣ್ಣ ಚೆಲ್ಲಿದ್ದರು. ಹಿಪ್ಪುನೇರಳೆ ಹೊಲಕ್ಕೆ ಹೋಗುವ ದಾರಿ ನಾಲ್ಕು ಮನೆಗಳ ಹಿತ್ತಲು ಹಾದು ಹೋಗಬೇಕು. ನಾಲ್ಕು ಮನೆಯವರೂ ಬೇಲಿಮುಳ್ಳು ಎಳೆದರು. ಸೊಪ್ಪು ತರಲು ದಾರಿಯಿಲ್ಲದೆ, ಕಾಯಿಲೆ ಇಲ್ಲದ ಹುಳಗಳೂ ಹಸಿದು ಸತ್ತವು. ಎರಡು ದಿನ ಹುಳದ ಮನೆಯಿಂದ ಸದ್ದು ಬರುತ್ತಿತ್ತು. ಮೇಯುವ ಹುಳದ ಸದ್ದು ಸೋನೆಮಳೆಯಂತೆ. ಇದು ಹಾಗಿರಲಿಲ್ಲ. ಬರಿಯ ತಟ್ಟೆಯ ಬಿದಿರಿನ ಮೇಲೆ ಸಾವಿರ ಹುಳ ತೆವಳುವ ಸದ್ದು.

ದೊಡ್ಡಮಾದಯ್ಯ ಮಗಳನ್ನು ಹೊಡೆಯಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿಸಿ ಕೊಳ್ಳೇಗಾಲಕ್ಕೆ ಕರೆತಂದು, ಗೂಡು ಬೇಯಿಸಿ ನೂಲು ಬಿಚ್ಚುವ ಒಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಮಾಲೀಕನಿಗೆ ಅಂದ ಮಾತು ಅವಳಿಗೆ ಇಂದಿಗೂ ಕಿವಿಯಲ್ಲಿದೆ. "ಇದರ ಬಾಯಿಗೆ ಕೆಲ್ಸ ಕೊಡ್ಬ್ಯಾಡಿ ಸಾ. ಕೈಗೆ ಕೊಡಿ."

ಅಲ್ಲಿಂದ ಸಾಯುವವರೆಗೆ ಅವನು ಮಗಳ ಕೈಯಿಂದ ಒಂದು ತೊಟ್ಟು ನೀರು ಇಸಕೊಳ್ಳಲಿಲ್ಲ. ಕೊನೆಯ ದಿನ ಅವಳು ಚಮಚ ಹಿಡಿದು ಬಗ್ಗಿದಾಗ, ಪ್ರಾಣ ಗಂಟಲಲ್ಲಿದ್ದವನು, ತುಟಿಗಳನ್ನು ಒಳಕ್ಕೆ ಎಳೆದುಕೊಂಡ.

ತಮ್ಮ ಸಿದ್ದರಾಮ ಅವಳಿಗಿಂತ ಐದು ವರ್ಷ ಚಿಕ್ಕವನು. ಅವನನ್ನು ಹೆತ್ತು ಅವ್ವ ಕಣ್ಣು ಮುಚ್ಚಿದ್ದಳು. ಅವನಿಗೆ ನಡೆಯಲು, ಉಣ್ಣಲು, ಮೂಗು ಸೀಟಲು ಕಲಿಸಿದವಳು ಅಕ್ಕನೇ. ಶನಿವಾರ ಶಾಲೆ ಬಿಟ್ಟ ಮೇಲೆ ಅವನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಶೆಡ್ಡಿನ ಮೂಲೆಯಲ್ಲಿ ಕೂರುತ್ತಿದ್ದ. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿದ್ದವು, ಅಕ್ಕ ಬರಿಗೈ ಅದ್ದಿ ಎಳೆಯ ತುದಿ ಹುಡುಕುತ್ತಿದ್ದಳು. ಒಂದು ಶನಿವಾರ ಮೂಲೆಗೆ ಬಿದ್ದು ಮರೆತುಹೋಗಿದ್ದ ಒಂದು ಗೂಡು ತೂತಾಗಿ, ಒಳಗಿನಿಂದ ಬಿಳಿಯ ಪತಂಗ ಹೊರಬಂದಿತ್ತು. ಹುಡುಗ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಾಗಿಲಿಗೆ ಓಡಿ ಗಾಳಿಗೆ ತೂರಿದ. ಅದು ಕಲ್ಲಿನಂತೆ ಬಿತ್ತು. ಮತ್ತೆ ತೂರಿದ, ಮತ್ತೆ ಬಿತ್ತು. ರೇಷ್ಮೆಯ ಪತಂಗಕ್ಕೆ ರೆಕ್ಕೆ ಇರುತ್ತದೆ, ಹಾರಲು ಬರುವುದಿಲ್ಲ ಎಂದು ಅಕ್ಕ ಹೇಳಿದಳು. ಹಾಗಾದರೆ ರೆಕ್ಕೆ ಯಾಕೆ ಎಂದು ಅವನು ಕೇಳಿದ. ಆ ಸಂಜೆ ಬಸ್ಸು ಹತ್ತುವವರೆಗೂ ಅವನು ಅದನ್ನು ಎತ್ತಿ ಎತ್ತಿ ತೂರುತ್ತಲೇ ಇದ್ದ. ಕೊನೆಗೆ ಅದರ ರೆಕ್ಕೆಯ ಬಿಳಿಪುಡಿಯೆಲ್ಲ ಅವನ ಬೆರಳಿಗೆ ಅಂಟಿತ್ತು.

ಅವನು ಹಠಮಾರಿ ಎಂದು ಆಗಲೇ ಗೊತ್ತಾಗಬೇಕಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಎನ್‌ಸಿಸಿ ಸೇರಿ ಎಂಜಿನ್ ಇಲ್ಲದ ವಿಮಾನದಲ್ಲಿ ಕೂತು ಬಂದ. ಬಂದವನು ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಬೆಂಗಳೂರಿನ ವಿಮಾನ ಶಾಲೆ ಸೇರಿದ. ಒಂದು ವರ್ಷದ ಕಲಿಕೆ, ವಿಮಾನ ಕೆಟ್ಟು ನಿಂತದ್ದರಿಂದ, ನಾಲ್ಕು ವರ್ಷ ಎಳೆಯಿತು. ಜೊತೆಗೆ ಇದ್ದವರೆಲ್ಲ ಬೇರೆ ದಾರಿ ಹಿಡಿದರು. ಇವನು ಹ್ಯಾಂಗರಿನ ನೆಲ ಗುಡಿಸುತ್ತ, ಮೆಕ್ಯಾನಿಕ್ಕುಗಳಿಗೆ ಚಹಾ ತರುತ್ತ ಅಲ್ಲೇ ಉಳಿದ. ಅವನ ಖರ್ಚಿಗೆಂದು ಅಕ್ಕ ಎರಡು ಒಲೆಯ ಮುಂದೆ ಕೂತಳು. ಅವಳ ಬೆರಳತುದಿಗಳು ಬೆಂದು, ಸುಲಿದು, ಮತ್ತೆ ಬೆಂದು, ಕೊನೆಗೆ ಗೆರೆಗಳೇ ಅಳಿಸಿಹೋದವು. ಈಗ ನ್ಯಾಯಬೆಲೆ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಪ್ರತಿ ತಿಂಗಳೂ ಅಂಗಡಿಯವನು, ನೀವು ನೀವೇ ಅಂತ ಏನಮ್ಮ ಗ್ಯಾರಂಟಿ ಎಂದು ನಗುತ್ತಾನೆ.

ಅವಳಿಗೆ ಮದುವೆ ಆಗಲಿಲ್ಲ. ಹನೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅಗರದಲ್ಲಿ ವಿಚಾರಿಸಿದವರಿಗೆ, ಮನೆಯ ಮಾತು ಬಾವಿಗೆ ಹಾಕುವ ಹೆಣ್ಣು ಎಂದು ಯಾರೋ ಹೇಳಿದರು.

ಸಿದ್ದರಾಮ ದೊಡ್ಡ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಹಾರಿದ. ಪದ್ಮಿನಿಯನ್ನು ಮದುವೆಯಾದ, ಎರಡು ಮಕ್ಕಳಾದವು. ನಲವತ್ತೈದರ ಸುಮಾರಿಗೆ ಕೆಲಸ ಬಿಟ್ಟು ಸ್ವಂತ ವಿಮಾನ ಕಂಪನಿ ಮಾಡುತ್ತೇನೆ ಎಂದಾಗ ನಗದವಳು ಅಕ್ಕ ಒಬ್ಬಳೇ. ನಮ್ಮ ಕಡೆಯವರು ವಿಮಾನದ ಹೊಟ್ಟೆಯನ್ನು ಮಾತ್ರ ನೋಡಿದ್ದಾರೆ, ಒಳಗಿನ ಸೀಟು ನೋಡಬೇಕು ಎಂದು ಅವನು ಹೇಳುತ್ತಿದ್ದ. ಮೂರು ವರ್ಷ ದೆಹಲಿಯ ಕಚೇರಿಗಳ ಮೆಟ್ಟಿಲು ತುಳಿದ. ಹತ್ತೊಂಬತ್ತು ಸೀಟಿನ, ಮೂಗಿನ ಎರಡೂ ಕಡೆ ಪಂಖ ತಿರುಗುವ ಎರಡು ಹಳೆಯ ವಿಮಾನ ಬಂದವು. ಕಂಪನಿಗೆ 'ಬಿಳಿಗಿರಿ ಏರ್' ಎಂದು ಹೆಸರಿಟ್ಟ. ಅಗರದ ಅಂಗಳದಲ್ಲಿ ನಿಂತರೆ ಮೊದಲು ಕಾಣುವುದು ಬಿಳಿಗಿರಿರಂಗನ ಬೆಟ್ಟ.

ಒಂದು ವಿಮಾನ ಹುಬ್ಬಳ್ಳಿಗೆ, ಇನ್ನೊಂದು ಮೈಸೂರಿನಿಂದ ಸೇಲಂಗೆ. ಸೇಲಂ ದಾರಿ ಕೊಳ್ಳೇಗಾಲದ ನೆತ್ತಿಯ ಮೇಲೆ, ಹನೂರು, ಶಾಗ್ಯ ದಾಟಿ, ಮಾದಪ್ಪನ ಬೆಟ್ಟದ ಪಕ್ಕದಲ್ಲಿ ಹೋಗುತ್ತದೆ. ಮೊದಲ ದಿನದ ಮೊದಲ ಸೀಟು ಅಕ್ಕನಿಗೆ ಎಂದು ಅವನು ಮಾತು ಕೊಟ್ಟಿದ್ದ. ಅವಳು ಹೊಸ ಸೀರೆ ಉಟ್ಟು ಮೈಸೂರಿಗೆ ಹೋದಳು. ಆ ದಿನ ದೊಡ್ಡ ಮನುಷ್ಯರು ಬಂದರು, ಅವರ ಹಿಂದೆ ಅವರವರ ಕಡೆಯವರು ಬಂದರು, ಹತ್ತೊಂಬತ್ತು ಸೀಟೂ ತುಂಬಿದವು. ತಮ್ಮ ಓಡಿ ಬಂದು, ನಾಳೆ ಕರಕೊಂಡು ಹೋಗುತ್ತೇನೆ ಅಕ್ಕ ಎಂದು ಅವಳ ಕೈ ಒತ್ತಿ ಹೋದ. ಅವಳು ಕಂಬಿಯ ಆಚೆ ನಿಂತು, ಅದು ನೆಲ ಬಿಡುವುದನ್ನು ನೋಡಿದಳು. ಏಳು ವರ್ಷದ ಹುಡುಗ ಗಾಳಿಗೆ ತೂರಿದ್ದು ಈಗ ಬೀಳಲಿಲ್ಲ ಎಂದು ಅನ್ನಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆ ನಾಳೆ ಬರಲೇ ಇಲ್ಲ. ಅವನು ಕರೆದಾಗಲೆಲ್ಲ ಅವಳೇ, ಕೆಲಸ ಇದ್ದವರು ಹೋಗಲಿ, ನನಗೇನು ಸೇಲಂನಲ್ಲಿ ಎಂದು ಮುಂದಕ್ಕೆ ಹಾಕಿದಳು. ಅವಳಿಗೆ ಬೆಳಿಗ್ಗೆ ಏಳೂ ಮುಕ್ಕಾಲಿನ ಸದ್ದು ಸಾಕಾಗಿತ್ತು. ಹಿತ್ತಲಲ್ಲಿ ಗೂಡು ಬೇಯಿಸುವ ಒಲೆ ಹೊತ್ತಿಸುವ ಹೊತ್ತಿಗೆ ಸರಿಯಾಗಿ ಗುಂಯ್ ಎನ್ನುತ್ತ ಬರುತ್ತಿತ್ತು. ಅವಳು ತಲೆಯೆತ್ತುತ್ತಿರಲಿಲ್ಲ. ಮಗು ಆಡುತ್ತಿರುವ ಸದ್ದು ಕೇಳಿಸುತ್ತಿದ್ದರೆ ತಾಯಿ ತಿರುಗಿ ನೋಡುತ್ತಾಳೆಯೇ?

ನಾಲ್ಕು ವರ್ಷ ಹಾಗೆ ನಡೆಯಿತು. ವಾರದಲ್ಲಿ ಒಂದು ದಿನ ಸಿದ್ದರಾಮ ಕೊಳ್ಳೇಗಾಲಕ್ಕೆ ಬಂದು ಅಕ್ಕನ ಮನೆಯಲ್ಲಿ ಮುದ್ದೆ, ಉಪ್ಸಾರು ಉಂಡು ಹೋಗುತ್ತಿದ್ದ. ಅಂಥ ಒಂದು ಮಧ್ಯಾಹ್ನ, ಮುದ್ದೆ ಮುರಿದ ಕೈ ಸಾರಿನಲ್ಲೇ ನಿಂತಿತು. ಕಣ್ಣು ತೆರೆದೇ ಇತ್ತು. ತುಟಿಗಳು ಏನನ್ನೋ ಚಪ್ಪರಿಸುವಂತೆ ಆಡುತ್ತಿದ್ದವು. ಅವಳು ಮೂರು ಸಲ ಕರೆದಳು. ಒಂದು ನಿಮಿಷ ಕಳೆದ ಮೇಲೆ ಅವನು, ಏನೂ ಆಗದವನಂತೆ, ಖಾರ ಸ್ವಲ್ಪ ಮುಂದಾಗಿದೆ ಎಂದು ಮೊದಲಿನ ಮಾತನ್ನೇ ಮುಂದುವರಿಸಿದ. ಎರಡು ತಿಂಗಳ ಮೇಲೆ ಶಾಗ್ಯದಲ್ಲಿ ಒಂದು ಮದುವೆಗೆ ಹೋಗಿದ್ದಾಗ ಮತ್ತೆ ಆಯಿತು. ಆ ಸಲ ಕೈಯಲ್ಲಿದ್ದ ಲೋಟ ಜಾರಿ ಬಿತ್ತು, ಅವನು ಅದನ್ನು ನೋಡುತ್ತ ನಿಂತಿದ್ದ, ಲೋಟ ಯಾರದೋ ಎಂಬಂತೆ.

ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದಳು. ಅವನು ಅಡಗಿಸಲಿಲ್ಲ. ಒಂದು ವರ್ಷದಿಂದ ಬರುತ್ತಿದೆ, ಬರುವ ಮುಂಚೆ ಸುಟ್ಟ ಗೂಡಿನ ವಾಸನೆ ಬರುತ್ತದೆ ಎಂದ. ಆರು ತಿಂಗಳಿಗೊಮ್ಮೆ ಡಾಕ್ಟರ ಮುಂದೆ ನಿಲ್ಲಬೇಕು, ಅವರು ಎಚ್ಚರ ತಪ್ಪಿದ್ದುಂಟೇ ಎಂದು ಕೇಳುತ್ತಾರೆ, ಇಲ್ಲ ಎಂದು ಬರೆದುಕೊಟ್ಟರೆ ಮುಗಿಯಿತು. ಉಂಟು ಎಂದರೆ ಅಂದೇ ಲೈಸೆನ್ಸು ಹೋಗುತ್ತದೆ. ತಾನೇ ಹಾರದಿದ್ದರೆ ಕಂಪನಿಯ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ, ನಲವತ್ತು ಜನರ ಕೆಲಸ ಹೋಗುತ್ತದೆ. ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಇದ್ದೇ ಇರುತ್ತಾರೆ. ಇಷ್ಟೆಲ್ಲ ಹೇಳಿ ಕಾರನ್ನು ರಸ್ತೆಬದಿಗೆ ನಿಲ್ಲಿಸಿ ಅವಳ ಕಡೆ ತಿರುಗಿದ.

"ಇದು ಹುಳದ ಮನೆ ಮಾತು ಕಣಕ್ಕ."

ಅವಳು ತಲೆ ಆಡಿಸಿದಳು. ಆ ಮಾತಿಗೆ ಬೇರೆ ಏನು ಮಾಡಲೂ ಅವಳಿಗೆ ಬರುತ್ತಿರಲಿಲ್ಲ.

ಅಂದಿನಿಂದ ಏಳೂ ಮುಕ್ಕಾಲಿನ ಸದ್ದಿಗೆ ಅವಳು ತಲೆಯೆತ್ತತೊಡಗಿದಳು. ಸದ್ದು ಪೂರ್ತಿ ಕರಗಿ, ಹನೂರು ದಾಟಿತು, ಈಗ ಮಾದಪ್ಪನ ಬೆಟ್ಟ, ಈಗ ಇಳಿಯಿತು ಎಂದು ಲೆಕ್ಕ ಹಾಕಿದ ಮೇಲೆಯೇ ಕೈ ನೀರಿಗೆ ಇಳಿಯುತ್ತಿತ್ತು.

ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ಕವಿತ, ಹನೂರಿನ ಹುಡುಗಿ, ಸಿದ್ದರಾಮನೇ ತರಬೇತಿ ಕೊಟ್ಟು ಬೆಳೆಸಿದವಳು. ಹಬ್ಬಕ್ಕೆ ಊರಿಗೆ ಬಂದಿದ್ದಾಳೆಂದು ತಿಳಿದು ಚಿಕ್ಕನಿಂಗಮ್ಮ ಅವಳ ಮನೆಗೆ ಹೋದಳು. ಏನನ್ನೂ ಹೇಳದೆ, ಮೇಲೆ ಎಲ್ಲ ಸರಿಯಾಗಿದೆಯೇ ಮಗಾ ಎಂದಷ್ಟೇ ಕೇಳಿದಳು. ಕವಿತ ಎದ್ದು ಬಾಗಿಲು ಹಾಕಿ ಬಂದಳು. ಒಂದು ಸಲ ಕೆಳಗಿನಿಂದ ರೇಡಿಯೋದಲ್ಲಿ ಕೂಗಿದ್ದಕ್ಕೆ ಸಾರ್ ಉತ್ತರ ಕೊಡಲಿಲ್ಲ, ನಾನೇ ಕೊಟ್ಟೆ, ಆಮೇಲೆ ಹೆಡ್‌ಫೋನ್ ಕೆಟ್ಟಿದೆ ಅಂದರು ಎಂದಳು. ಇನ್ನು ಕೆಲವು ತಿಂಗಳು ಹಾರಿದರೆ ತಾನೂ ಕ್ಯಾಪ್ಟನ್, ಗುರುವಿನ ಮೇಲೆ ದೂರು ಕೊಟ್ಟವಳನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ ಎಂದೂ ಹೇಳಿದಳು.

"ನೀವು ಹೇಳಿದ್ರೆ ಅದು ಬೇರೆ ಅಮ್ಮ. ನೀವು ಒಡಹುಟ್ಟಿದವರು."

ಹೊರಡುವಾಗ ಒಂದು ಲಕೋಟೆ ತಂದು ಕೊಟ್ಟಳು. ಅದರ ಮೇಲೆ ದೆಹಲಿಯ ವಿಮಾನಯಾನ ಕಚೇರಿಯ ವಿಳಾಸ ಇಂಗ್ಲಿಷಿನಲ್ಲಿತ್ತು. ತನ್ನ ಕೈಬರಹ ಎಂದು ಯಾರಿಗೂ ಗೊತ್ತಾಗದಂತೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು. ಒಳಗೆ ಏನೂ ಇರಲಿಲ್ಲ.

ಆ ಲಕೋಟೆ ಹದಿನೆಂಟು ದಿನ ಅಕ್ಕಿಯ ಡಬ್ಬದ ಕೆಳಗಿತ್ತು. ಹತ್ತೊಂಬತ್ತನೆಯ ದಿನ ಗೋಡೆಯಾಚೆಯ ಮನೆಯ ಜ್ಯೋತಿಲಕ್ಷ್ಮಿ ಬಂದಳು. ರೇಷ್ಮೆ ಸೀರೆ ನೇಯುವವಳು, ಮಗಳನ್ನು ಸೇಲಂಗೆ ಕೊಟ್ಟಿದ್ದಳು, ಬಾಯಿ ಜೋರು. ಮಗಳಿಗೆ ಏಳು ತಿಂಗಳಾಗಿತ್ತು, ಸೀಮಂತ ಮಾಡಿ ಕರಕೊಂಡು ಬರಲು ಮನೆಮಂದಿ ನಾಲ್ವರು ಹೊರಟಿದ್ದರು.

"ಮಂಗಳವಾರ ನಿನ್ ತಮ್ಮನ್ ಇಮಾನದಲ್ಲೇ ಓಯ್ತೀವಿ ಕಣಮ್ಮಿ. ನಮ್ ಯಜಮಾನ್ರು ಈಗ್ಲೇ ಎದೆ ಇಡ್ಕಂಡು ಕೂತವ್ರೆ. ಬಸ್ಸಲ್ಲಿ ಕಿಟಕಿ ಪಕ್ಕ ಕೂರಕ್ಕೇ ಎದರ್ಕೊಳೋ ಗಂಡ್ಸು." ನಕ್ಕು, ಹೊಸ್ತಿಲ ಮೇಲೆ ಕೂತು, ದನಿ ತಗ್ಗಿಸಿದಳು. "ನೀನೇ ಯೇಳು. ಎಲ್ಲಾ ಚೆನ್ನಾಗದೆ ತಾನೆ?"

ಚಿಕ್ಕನಿಂಗಮ್ಮನಿಗೆ ಉತ್ತರ ಬಾಯಿಪಾಠವಿತ್ತು. ಅಪ್ಪ ಕಲಿಸಿದ್ದು, ಅಗರದ ಎಲ್ಲ ಮನೆಯವರೂ ಹೇಳುತ್ತಿದ್ದದ್ದು. ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳಿಗೆ ಬರಿಯ ಬಿದಿರಿನ ಮೇಲೆ ಹುಳ ತೆವಳುವ ಸದ್ದು ಕೇಳಿಸಿತು. ಒಲೆ ಉರಿಯುತ್ತಿದೆ, ನೋಡುತ್ತೇನೆ ಎಂದು ಎದ್ದು ಹಿತ್ತಲಿಗೆ ಹೋದಳು.

ಆರನೇ ತರಗತಿಗೆ ನಿಂತಿದ್ದ ಅಕ್ಷರದಲ್ಲಿ ಅಂದೇ ಬರೆದಳು. ನಾನು ಸಿದ್ದರಾಮನ ಅಕ್ಕ. ಅವನಿಗೆ ಆಗಾಗ ಎಚ್ಚರ ತಪ್ಪುತ್ತದೆ. ನಾನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಅವನು ವಿಮಾನ ನಡೆಸಬಾರದು. ಇಷ್ಟು ಬರೆದು, ಕಾಗದದಲ್ಲಿ ಜಾಗ ಉಳಿದಿದ್ದರಿಂದ, ಅವನು ಒಳ್ಳೆಯವನು ಎಂದು ಸೇರಿಸಿ ಹೆಸರು ಹಾಕಿದಳು. ಕಾಗದ ದೆಹಲಿಗೆ ಹೋಗಿ ಅಲ್ಲಿಂದ ಮಾತು ಬರಲು ಎಷ್ಟು ದಿನವೋ ಗೊತ್ತಿರಲಿಲ್ಲ. ಆದ್ದರಿಂದ ಅದನ್ನು ಅಂಚೆಗೆ ಹಾಕದೆ, ಬಸ್ಸು ಹತ್ತಿ ಮೈಸೂರಿಗೆ ಹೋಗಿ, ವಿಮಾನ ನಿಲ್ದಾಣದ ಅಧಿಕಾರಿಯ ಮೇಜಿನ ಮೇಲೆ ತಾನೇ ಇಟ್ಟಳು. ಅವರು ಓದಿ, ಲಕೋಟೆ ತಿರುಗಿಸಿ ನೋಡಿ, ಇನ್ನೊಮ್ಮೆ ಓದಿ, ನಿಮಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿದರು.

ಮಂಗಳವಾರ ವಿಮಾನ ಏಳಲಿಲ್ಲ. ಸಿದ್ದರಾಮನನ್ನು ಬೆಂಗಳೂರಿಗೆ ಕರೆಸಿ, ರಾತ್ರಿ ನಿದ್ದೆ ಕೆಡಿಸಿ, ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಕಾಗದದ ಸುರುಳಿಯ ಮೇಲೆ ಅವನ ಕಾಯಿಲೆ ಗೀಟು ಗೀಟಾಗಿ ಬಿತ್ತು. ವಿಚಾರಣೆಯಲ್ಲಿ ಕವಿತಳನ್ನೂ ಕೇಳಿದರು. ತಾನು ಏನನ್ನೂ ಗಮನಿಸಿಲ್ಲ ಎಂದು ಅವಳು ಸಹಿ ಹಾಕಿದಳು. ಲೈಸೆನ್ಸು ಹೋಯಿತು. ಸುದ್ದಿ ಪತ್ರಿಕೆಗೆ ಬಂತು. ಎಂಟು ತಿಂಗಳೊಳಗೆ ಬಿಳಿಗಿರಿ ಏರ್ ಬಾಗಿಲು ಹಾಕಿತು. ಒಂದು ವಿಮಾನವನ್ನು ಬಾಡಿಗೆಗೆ ಕೊಟ್ಟವರು ಕೊಂಡೊಯ್ದರು. ಇನ್ನೊಂದರ ಪಂಖಕ್ಕೆ ಗೋಣಿತಾಟು ಸುತ್ತಿ ಬೇಲಿಯ ಪಕ್ಕಕ್ಕೆ ತಳ್ಳಿದರು.

ಸಿದ್ದರಾಮ ಕೊಳ್ಳೇಗಾಲಕ್ಕೆ ಬಂದ. ಅವನ ಕೈಯಲ್ಲಿ ಅವಳ ಕಾಗದದ ಜೆರಾಕ್ಸ್ ಇತ್ತು. ಅಕ್ಕ ಎಂದಿನಂತೆ ಚೊಂಬಿನಲ್ಲಿ ನೀರು ತಂದಳು. ಅವನು ಚೊಂಬನ್ನು ನೋಡಿದ, ಅವಳ ಕೈಯನ್ನು ನೋಡಿದ.

"ಅಪ್ಪ ಮಾಡಿದ್ದೇ ಸರಿ," ಎಂದು ಹೇಳಿ ಬಾಗಿಲು ದಾಟಿ ಹೋದ.

ಊರು ಅವನ ಪರವಾಗಿತ್ತು. ಗೂಡಿನ ಮಾರುಕಟ್ಟೆಯಲ್ಲಿ ಅವಳು ಬಂದರೆ ಗಂಡಸರು ಮಾತು ನಿಲ್ಲಿಸಿ, ಬಂತು ನೋಡಪ್ಪ ಆಕಾಶವಾಣಿ ಎಂದು ನಗುತ್ತಿದ್ದರು. ಒಡಹುಟ್ಟಿದವನ ಏಳಿಗೆ ನೋಡಲಾರದೆ ಹೊಟ್ಟೆಕಿಚ್ಚಿನಿಂದ ಮಾಡಿದಳು ಎಂದು ಅಗರದಲ್ಲಿ ಮಾತಾಯಿತು. ಬೊಮ್ಮಮ್ಮ, ತೊಂಬತ್ತರ ಮುದುಕಿ, ಇನ್ನೂ ಬದುಕಿದ್ದಳು. ಆ ಹುಡುಗಿ ಚಿಕ್ಕಂದಿನಿಂದಲೂ ಹಾಗೇ ಎಂದು ಹೇಳಲು ಅವಳು ಮರೆಯಲಿಲ್ಲ. ಜ್ಯೋತಿಲಕ್ಷ್ಮಿ ಆರು ತಿಂಗಳು ಮಾತು ಬಿಟ್ಟಳು. ಅಂದು ಬಸ್ಸಿನಲ್ಲಿ ಹೋಗಿ, ಘಟ್ಟದಲ್ಲಿ ಅವಳ ಗಂಡ ವಾಂತಿ ಮಾಡಿಕೊಂಡಿದ್ದ. ನೀನು ಬಾಯಿ ಮುಚ್ಚಿಕೊಂಡಿದ್ದರೆ ನಮಗೆ ಆ ಪಾಡು ತಪ್ಪುತ್ತಿತ್ತು ಎಂದು ಬೈದಳು. ಆಗದೆ ಹೋದ ಸಾವಿಗೆ ತಿಥಿ ಮಾಡುವವರಿಲ್ಲ. ಬಂದು ಒಂದು ಮಾತು ಹೇಳಬಹುದಾಗಿದ್ದವಳು ಕವಿತ. ಅವಳು ಈಗ ದೊಡ್ಡ ಕಂಪನಿಯಲ್ಲಿ ಕ್ಯಾಪ್ಟನ್, ಬಹಳ ಎತ್ತರದಲ್ಲಿ ಹಾರುತ್ತಾಳೆ, ಸದ್ದು ಕೇಳಿಸುವುದಿಲ್ಲ.

ಒಂದೂವರೆ ವರ್ಷದ ಮೇಲೆ ಪದ್ಮಿನಿ ಕಾರಿನಲ್ಲಿ ಗಂಡನನ್ನು ಕರೆತಂದಳು. ಕಾಯಿಲೆ ಈಗ ನೆಲಕ್ಕೆ ಕೆಡವಿ ಕೈಕಾಲು ಸೆಳೆಸುವಷ್ಟು ಬೆಳೆದಿತ್ತು. ನೆನಪು ಮಾಸಿತ್ತು, ಸಿಟ್ಟು ಮಾತ್ರ ಹೊಸದಾಗೇ ಇತ್ತು. ಪದ್ಮಿನಿಗೆ ಶಾಲೆಯಲ್ಲಿ ಪಾಠ ಮಾಡುವ ಕೆಲಸ, ಹಗಲೆಲ್ಲ ಅವನನ್ನು ಒಬ್ಬನೇ ಬಿಡುವಂತಿಲ್ಲ, ಮಕ್ಕಳು ಅವನಿಗೆ ಹೆದರುತ್ತಿದ್ದರು. ಅಗರದ ದಾಯಾದಿಗಳು ಮೂರ್ಛೆಯ ಮನುಷ್ಯನನ್ನು ಒಳಗೆ ಬಿಡಲಿಲ್ಲ. ಚೀಲ, ಮಾತ್ರೆಯ ಪೊಟ್ಟಣ ಇಳಿಸಿ ಪದ್ಮಿನಿ ಅಂದಳು, "ಇಳಿಸಿದವರು ನೀವು. ಇಟ್ಟುಕೊಳ್ಳೋರೂ ನೀವೇ ಆಗಿ, ಅತ್ತಿಗೆ." ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

ಅವನು ಬೀದಿ ಕಡೆಯ ಕೋಣೆಯಲ್ಲಿ ಇಳಿದ. ಅಕ್ಕನ ಮನೆಯಲ್ಲಿ ಇದ್ದೂ ಅಕ್ಕನ ಕೈಯಿಂದ ಉಣ್ಣಲಿಲ್ಲ. ಎರಡು ದಿನ ಉ‌ಪವಾಸ ಕೂತ. ಮೂರನೆಯ ದಿನ ಜ್ಯೋತಿಲಕ್ಷ್ಮಿಗೆ ಮನಸ್ಸು ಕರಗಿ ಒಂದು ಉಪಾಯ ಹೇಳಿದಳು. ಅಂದಿನಿಂದ ಚಿಕ್ಕನಿಂಗಮ್ಮ ಬೇಯಿಸಿದ ಊಟ ಅವಳ ಹಿತ್ತಲ ಬಾಗಿಲಿಂದ ಹೊರಟು, ಜ್ಯೋತಿಲಕ್ಷ್ಮಿಯ ಹಿತ್ತಲ ಬಾಗಿಲಿಗೆ ಹೋಗಿ, ಮಗ್ಗದ ಪಕ್ಕದಲ್ಲಿ ಹಾದು, ಅವಳ ಬೀದಿ ಬಾಗಿಲಿಂದ ಇಳಿದು, ಅವನ ಕೋಣೆ ಸೇರುತ್ತದೆ. ಒಲೆಯಿಂದ ಅವನವರೆಗೆ ಹತ್ತು ಹೆಜ್ಜೆ. ಊಟ ಎಪ್ಪತ್ತು ಹೆಜ್ಜೆ ನಡೆಯುತ್ತದೆ. ನೇಕಾರರ ಮನೆಯಲ್ಲಿ ಅಗರದ ಉಪ್ಸಾರು ಹೇಗೆ ಬೇಯುತ್ತದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ತಟ್ಟೆಯ ಅಂಚಿನಲ್ಲಿ ಸೋಡಾ ಬಾಟಲಿಯ ಮುಚ್ಚಳದಲ್ಲಿ ಮಾತ್ರೆ ಇರುತ್ತದೆ. ಅವನಿಗೆ ನೆನಪು ನಿಲ್ಲದ ಕಾರಣ ಡಾಕ್ಟರು ಮಾತ್ರೆಯನ್ನು ಬೇರೆಯವರ ಕೈಯಲ್ಲಿ ಇಡಲು ಹೇಳಿದ್ದರು. ಬೆಳಿಗ್ಗೆ ಒಂದು, ಸಂಜೆ ಒಂದು. ಅವನು ನೋಡದೆ ನುಂಗುತ್ತಾನೆ.

ಮಾತ್ರೆ ಹಿಡಿಯಿತು. ಆರು ತಿಂಗಳು ಮೂರ್ಛೆ ಬರಲಿಲ್ಲ. ಮಾತೂ ಬರಲಿಲ್ಲ. ಅವಳು ಕಸ ಗುಡಿಸಲು ಹೋದರೆ ಅವನು ಗೋಡೆಯ ಕಡೆ ತಿರುಗುತ್ತಿದ್ದ. ಅವಳ ನೆರಳು ಕಾಲಿನ ಮೇಲೆ ಬಿದ್ದರೆ ಕಾಲು ಎಳೆದುಕೊಳ್ಳುತ್ತಿದ್ದ.

ಕಳೆದ ಶ್ರಾವಣದಲ್ಲಿ ಔಷಧಿ ಅಂಗಡಿಗೆ ಆ ಮಾತ್ರೆ ಬರುವುದು ಮೂರು ದಿನ ತಡವಾಯಿತು. ಮೂರನೆಯ ಬೆಳಿಗ್ಗೆ ಕೋಣೆಯಲ್ಲಿ ದೊಪ್ಪೆಂದು ಸದ್ದಾಯಿತು. ಅವಳು ಓಡಿ ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೆಳೆತ ನಿಂತು ಮೈ ಸಡಿಲವಾಯಿತು. ಕಣ್ಣು ತೆರೆದ. ಆ ಕಣ್ಣಲ್ಲಿ ವಿಮಾನವಿರಲಿಲ್ಲ, ಕಾಗದವಿರಲಿಲ್ಲ, ಐವತ್ತು ವರ್ಷವೇ ಇರಲಿಲ್ಲ.

"ಅಕ್ಕ," ಎಂದ. "ಹುಳ ಜ್ವರ ಎದ್ದವಾ?"

"ಎದ್ದವೆ ಮಗ. ನೀರು ಕುಡಿ."

ಅವನು ಅವಳ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿದ. ನೀರು ಗಲ್ಲದಿಂದ ಇಳಿದು ಅವಳ ಸೀರೆ ನೆನೆಯಿತು. ಇನ್ನೂ ಬೇಕು ಎಂದ, ಕೊಟ್ಟಳು. ಅವಳ ಗೆರೆಯಿಲ್ಲದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಸುಟ್ಕೊಂಡಿದ್ದೀಯಾ ಎಂದು ಕೇಳಿದ. ಅಷ್ಟರಲ್ಲಿ ಕಣ್ಣಿನ ಹಿಂದಿನಿಂದ ಏನೋ ಬಂದು ನಿಂತಿತು. ಅವಳನ್ನು ಗುರುತಿಸಿದ. ತುಟಿಗಳನ್ನು, ಅಪ್ಪನ ಹಾಗೆಯೇ, ಒಳಕ್ಕೆ ಎಳೆದುಕೊಂಡು, ಲೋಟವನ್ನು ಮೊಣಕೈಯಿಂದ ತಳ್ಳಿದ.

ಮಧ್ಯಾಹ್ನ ಮಾತ್ರೆ ಬಂತು. ಮತ್ತೆ ತಿಂಗಳುಗಟ್ಟಲೆ ಗೋಡೆ.

ಚಿಕ್ಕನಿಂಗಮ್ಮನಿಗೆ ಮಂಡಿನೋವು. ಸರ್ಕಾರಿ ಆಸ್ಪತ್ರೆಯಲ್ಲಿ ಅವಳಿಗೂ ಒಂದು ಮಾತ್ರೆ ಕೊಟ್ಟಿದ್ದಾರೆ. ಅದೂ ಬೆಳ್ಳಗೆ, ಅದೂ ಉದ್ದಗೆ. ಎರಡೂ ಪೊಟ್ಟಣ ಗೋಡೆಯ ಒಂದೇ ಗೂಡಿನಲ್ಲಿ ಇರುತ್ತವೆ. ದೀಪಾವಳಿ ಕಳೆದ ಒಂದು ವಾರಕ್ಕೆ, ಒಂದು ಬೆಳಿಗ್ಗೆ, ಅವಳು ಆ ಗೂಡಿನ ಮುಂದೆ ಬಹಳ ಹೊತ್ತು ನಿಂತಳು. ಮಾತ್ರೆ ತಪ್ಪಿದರೆ ಬಿದ್ದು ತಲೆ ಒಡೆಯಬಹುದು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಒಂದು ಸಲ ಬಿದ್ದವನು ಏಳದೆಯೂ ಇರಬಹುದು ಎಂದಿದ್ದರು. ಕೈ ಹೋದದ್ದು ತನ್ನ ಪೊಟ್ಟಣಕ್ಕೆ. ಮುಚ್ಚಳದಲ್ಲಿಟ್ಟು, ತಟ್ಟೆಯನ್ನು ಹಿತ್ತಲ ಬಾಗಿಲಲ್ಲಿ ಜ್ಯೋತಿಲಕ್ಷ್ಮಿಯ ಕೈಗೆ ಕೊಟ್ಟಳು. ಸಂಜೆಯೂ ಹಾಗೇ ಮಾಡಿದಳು. ಮಾರನೆಯ ದಿನವೂ. ಅವನ ಕೋಣೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯನ್ನು, ಚೂಪು ಅಂಚಿನದು, ಅವನು ಸ್ನಾನಕ್ಕೆ ಹೋದಾಗ ಎತ್ತಿ ತಂದು ಒಳಗಿಟ್ಟಳು. ನೆಲಕ್ಕೆ ಎರಡು ಕಂಬಳಿ ಹಾಸಿದಳು.

ನಾಲ್ಕನೆಯ ಬೆಳಿಗ್ಗೆ ಒಲೆ ಹೊತ್ತಿಸದೆ ಕಾದಳು. ಏಳೂ ಮುಕ್ಕಾಲಿಗೆ ಆಕಾಶದಲ್ಲಿ ಸದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಸದ್ದಾಯಿತು.

ಆ ದಿನ ಅವನು ಎರಡು ಲೋಟ ನೀರು ಕುಡಿದ. ಅಕ್ಕ ಎಂದು ನಾಲ್ಕು ಸಲ ಕರೆದ. ಪತಂಗ ಎಲ್ಲಿ ಬಿತ್ತು ಎಂದು ಕೇಳಿದ. ನಾಲಿಗೆ ಕಚ್ಚಿಕೊಂಡಿದ್ದರಿಂದ ಲೋಟದ ನೀರು ಕೆಂಪಾಯಿತು. ಅವಳು ಸೆರಗಿನಿಂದ ಅವನ ಬಾಯಿ ಒರೆಸುತ್ತ, ಹಾರಿಹೋಯಿತು ಮಗ ಎಂದಳು. ಅವನು ನಕ್ಕ. ಆಮೇಲೆ ತುಟಿ ಒಳಕ್ಕೆ ಹೋಯಿತು.

ಸದ್ದು ಕೇಳಿ ಜ್ಯೋತಿಲಕ್ಷ್ಮಿ ಮಗ್ಗ ಬಿಟ್ಟು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ನನ್ನ ಕೈಯಾರೆ ದಿನಾ ಮಾತ್ರೆ ಕೊಡುತ್ತಿದ್ದೇನೆ, ಆದರೂ ಯಾಕೆ ಬಂತು, ಡಾಕ್ಟರಿಗೆ ಫೋನ್ ಮಾಡೋಣವೇ ಎಂದು ಕೇಳಿದಳು. ಚಿಕ್ಕನಿಂಗಮ್ಮ ಕೆಂಪು ನೀರಿನ ಲೋಟವನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಏನಮ್ಮಿ, ಎಂಗವ್ನೆ ಈಗ?"

"ಚೆನ್ನಾಗವ್ನೆ," ಎಂದಳು ಚಿಕ್ಕನಿಂಗಮ್ಮ. "ಮಲಗವ್ನೆ."

ಜ್ಯೋತಿಲಕ್ಷ್ಮಿ ಮುಂದೆ ಕೇಳಲಿಲ್ಲ.